ರಿಜಿಸ್ಟರಿಗೆ ಸಿಗದ ಸಾವುಗಳು

ಶೇಂಗಾ ಕೀಳುವ ಕಾಲ ಬಂತೆಂದರೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹೊಲಗಳಿಗೆ ಜನರ ಹಿಂದೆಯೇ ಹಾವುಗಳೂ ಬರುತ್ತಿದ್ದವು. ಕಾಯಿಗೆ ಇಲಿ, ಇಲಿಗೆ ಕೊಳಕುಮಂಡಲ. ಕಿತ್ತಿಟ್ಟ ಬಳ್ಳಿಯ ಗುಡ್ಡೆಗೆ ಕೈ ಹಾಕಿದಾಗಲೋ, ನಸುಕಿನಲ್ಲಿ ಬರಿಗಾಲಲ್ಲಿ ಬದು ದಾಟುವಾಗಲೋ ಕಚ್ಚಿಬಿಡುತ್ತಿತ್ತು. ಕಚ್ಚಿಸಿಕೊಂಡವರಿಗೆ ಎರಡು ದಾರಿಗಳಿದ್ದವು: ತಾಲ್ಲೂಕು ಆಸ್ಪತ್ರೆಯ ತುರ್ತು ಚಿಕಿತ್ಸಾ ಘಟಕ, ಇಲ್ಲವೇ ಮಂತ್ರ ಹಾಕುವವರ ಮನೆ. ಆಸ್ಪತ್ರೆ ಸೇರಿದವರ ಹೆಸರು ರಿಜಿಸ್ಟರಿನಲ್ಲಿ ದಾಖಲಾಯಿತು. ಮಂತ್ರ ಹಾಕಿಸಿಕೊಂಡು ಪ್ರಾಣ ಬಿಟ್ಟವರ ಹೆಸರು ಎಲ್ಲಿಯೂ ಬರಲಿಲ್ಲ.

ಹೀಗೆ ಕಣ್ಮರೆಯಾದವರು ದೇಶದಲ್ಲಿ ಎಷ್ಟು ಮಂದಿ ಎಂಬ ಪ್ರಶ್ನೆ ಹಳೆಯದು. ಬ್ರಿಟಿಷರ ಸೇವೆಯಲ್ಲಿ ಕಲ್ಕತ್ತೆಯಲ್ಲಿದ್ದ ವೈದ್ಯ ಜೋಸೆಫ್ ಫೇರರ್ ಅಧಿಕಾರಿಗಳಿಂದ ವರದಿ ತರಿಸಿ ಲೆಕ್ಕ ಹಾಕಿದರು. 1869ರ ಒಂದೇ ವರ್ಷದಲ್ಲಿ, ಬ್ರಿಟಿಷ್ ಇಂಡಿಯಾದ ಅರ್ಧದಷ್ಟು ಭಾಗದಲ್ಲೇ 11,416 ಜನ ಹಾವು ಕಚ್ಚಿ ಸತ್ತಿದ್ದರು. ಫೇರರ್ ಬೆಚ್ಚಿ ಸುಮ್ಮನಾಗುವ ಜಾತಿಯವರಲ್ಲ. ಊರೂರಲ್ಲಿ ಹೆಸರು ಮಾಡಿದ್ದ ಮದ್ದುಗಳನ್ನೆಲ್ಲ ಪ್ರಾಣಿಗಳ ಮೇಲೆ ಒಂದೊಂದಾಗಿ ಪರೀಕ್ಷಿಸಿದರು. ಒಂದೂ ಫಲ ಕೊಡಲಿಲ್ಲ. ಸರ್ಕಾರ ಹಾವು ಕೊಂದವರಿಗೆ ಇನಾಮು ಕೊಟ್ಟಿತು. ಹಾವುಗಳು ಸತ್ತವು, ಜನರ ಸಾವು ಮಾತ್ರ ನಿಲ್ಲಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಕುದುರೆಯ ರಕ್ತದಿಂದ ತಯಾರಿಸಿದ ವಿಷನಿರೋಧಕ ಚುಚ್ಚುಮದ್ದು ಬಂತು, ಆಸ್ಪತ್ರೆಗಳೂ ಬೆಳೆದವು. ಹೊಸ ಶತಮಾನ ಕಾಲಿಡುವ ಹೊತ್ತಿಗೆ ಆಸ್ಪತ್ರೆಗಳು ವರ್ಷಕ್ಕೆ ವರದಿ ಮಾಡುತ್ತಿದ್ದ ಹಾವು ಕಡಿತದ ಸಾವು ಇಡೀ ದೇಶಕ್ಕೆ ಒಂದೆರಡು ಸಾವಿರದೊಳಗೇ ಇತ್ತು. ಜನಸಂಖ್ಯೆ ಹಲವು ಪಟ್ಟು ಏರಿದ್ದಾಗ ಈ ಸಾವುಗಳು ಕರಗಿದ್ದು ಹೇಗೆ?

ಉತ್ತರ ಸಿಕ್ಕಿದ್ದು ಅದನ್ನು ಹುಡುಕಲೆಂದೇ ಹೊರಡದವರಿಗೆ. ಭಾರತೀಯರು ಯಾವ ಯಾವ ಕಾರಣಕ್ಕೆ ಸಾಯುತ್ತಾರೆಂದು ತಿಳಿಯಲು ಟೊರಾಂಟೊದ ಪ್ರಭಾತ್ ಝಾ ಮತ್ತು ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿ ಸೇರಿ ‘ಹತ್ತು ಲಕ್ಷ ಸಾವುಗಳ ಅಧ್ಯಯನ’ವನ್ನು ಆರಂಭಿಸಿದ್ದರು. ಅವರು ಆಸ್ಪತ್ರೆಯ ಕಡತ ಬಿಟ್ಟು ಮನೆ ಬಾಗಿಲಿಗೆ ಹೋದರು. ಹೋದವರು ವೈದ್ಯರಲ್ಲ, ತರಬೇತಿ ಪಡೆದ ಗಣತಿದಾರರು. ಸತ್ತವರ ಮನೆಯಲ್ಲಿ ಕೂತು, ಕೊನೆಯ ದಿನಗಳಲ್ಲಿ ಏನೇನಾಯಿತೆಂದು ಕೇಳಿ, ಮನೆಯವರು ಹೇಳಿದ್ದನ್ನು ಅವರದೇ ಭಾಷೆಯಲ್ಲಿ ಬರೆದುಕೊಂಡರು. ಪ್ರತಿಯೊಂದು ಬರಹವನ್ನೂ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದಿ ಕಾರಣ ಗುರುತಿಸಿದರು. ಜ್ವರವೋ ಹೃದಯಾಘಾತವೋ ಎಂಬಲ್ಲಿ ಗೊಂದಲವಾಗಬಹುದಿತ್ತು. ಹಾವು ಕಚ್ಚಿದ್ದನ್ನು ಮಾತ್ರ ಯಾವ ತಾಯಿಯೂ ಮರೆತಿರಲಿಲ್ಲ.

2001ರಿಂದ 2003ರವರೆಗಿನ 1,23,000 ಸಾವುಗಳಲ್ಲಿ 562 ಹಾವು ಕಡಿತದವು. ಇಡೀ ದೇಶಕ್ಕೆ ಹಿಗ್ಗಿಸಿದಾಗ ವರ್ಷಕ್ಕೆ ಸುಮಾರು 45,900! ಆಸ್ಪತ್ರೆಗಳ ಲೆಕ್ಕಕ್ಕಿಂತ 30 ಪಟ್ಟು ಹೆಚ್ಚು. 2011ರಲ್ಲಿ ಇದು ಪ್ರಕಟವಾಯಿತು. ಸತ್ತವರಲ್ಲಿ ಶೇ. 97ರಷ್ಟು ಹಳ್ಳಿಯವರು, ಸಾವುಗಳು ಏರಿದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ, ಕಾಲು ಭಾಗದವರು 15ರಿಂದ 29ರ ಹರೆಯದವರು. ಸಾವಿನ ದರದಲ್ಲಿ ಎಲ್ಲ ರಾಜ್ಯಗಳಿಗಿಂತ ಮುಂದಿದ್ದದ್ದು ಆಂಧ್ರಪ್ರದೇಶ, ಅಂದರೆ ಮೊಳಕಾಲ್ಮೂರಿನ ಗಡಿಯಾಚೆಯ ನಾಡು. ಆಸ್ಪತ್ರೆಯಲ್ಲಿ ಸತ್ತವರು ನಾಲ್ಕರಲ್ಲಿ ಒಬ್ಬರಿಗಿಂತಲೂ ಕಡಿಮೆ. ಲೆಕ್ಕದ ಈ ಕೊರತೆ ತಗ್ಗಿಸಲು 2024ರ ಫೆಬ್ರವರಿಯಲ್ಲಿ ಕರ್ನಾಟಕವು ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಅಧಿಸೂಚನೆ ಹೊರಡಿಸಿತು.

ಆದರೆ ಆಸ್ಪತ್ರೆ ತಲುಪಿದವರೂ ಎಲ್ಲರೂ ಉಳಿಯುತ್ತಿರಲಿಲ್ಲ. ತುರ್ತು ಘಟಕದಲ್ಲಿ ಮಾಡುವ ಪರೀಕ್ಷೆ ತೀರ ಸರಳ. ರೋಗಿಯ ಎರಡು ಮಿಲಿಲೀಟರ್ ರಕ್ತವನ್ನು ಒಣಗಿದ, ಶುಚಿಯಾದ ಗಾಜಿನ ನಳಿಗೆಗೆ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ನಳಿಗೆ ಗಾಜಿನದೇ ಆಗಬೇಕು, ಪ್ಲಾಸ್ಟಿಕ್ಕಿನದು ಮೋಸ ಮಾಡುತ್ತದೆ. ಆಮೇಲೆ ಒಮ್ಮೆ ಬಾಗಿಸಿ ನೋಡುತ್ತಾರೆ. ರಕ್ತ ನೀರಿನಂತೆ ಹರಿದರೆ ಮಂಡಲದ ವಿಷ ಹೆಪ್ಪುಗಟ್ಟುವ ಶಕ್ತಿಯನ್ನೇ ಮುಗಿಸಿದೆ ಎಂದರ್ಥ. ಕೂಡಲೇ ಚುಚ್ಚುಮದ್ದು ಕೊಟ್ಟು, ಆರು ಗಂಟೆಯ ನಂತರ ಮತ್ತೆ ಅದೇ ಪರೀಕ್ಷೆ. ಎಷ್ಟೋ ಸಲ ಬಾಟಲಿಯ ಮೇಲೆ ಬಾಟಲಿ ಖಾಲಿಯಾದರೂ ರಕ್ತ ಹರಿಯುತ್ತಲೇ ಇತ್ತು.

ಏಕೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ಬೆನ್ನಟ್ಟಿತು. ಇದೇ ಸಂಸ್ಥೆಯ ಎರಡನೆಯ ಆವರಣ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. ತಂಡದವರು ಬೇರೆ ಬೇರೆ ಸೀಮೆಗಳ ಕೊಳಕುಮಂಡಲಗಳ ವಿಷ ಸಂಗ್ರಹಿಸಿ ಹೋಲಿಸಿದರು. ಜಾತಿ ಒಂದೇ, ವಿಷ ಊರಿಂದೂರಿಗೆ ಬೇರೆ. ಮಾರುಕಟ್ಟೆಯ ಔಷಧ ಕೆಲವು ಸೀಮೆಗಳ ವಿಷದ ಮುಂದೆ ಸೋತಿತ್ತು. 2025ರಲ್ಲಿ, 34 ಸ್ಥಳಗಳ 115 ಹಾವುಗಳ ವಿಷವನ್ನು ಹವಾಮಾನದ ಜೊತೆಗಿಟ್ಟು ನೋಡಿದಾಗ ಗಂಟು ಭಾಗಶಃ ಬಿಚ್ಚಿತು: ಒಣ ಪ್ರದೇಶದ ಹಾವುಗಳ ವಿಷದಲ್ಲಿ ಪ್ರೋಟೀನು ಕತ್ತರಿಸುವ ಪ್ರೋಟಿಯೇಸ್ ಕಿಣ್ವಗಳ ಚುರುಕು ಹೆಚ್ಚು.

ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಅಲ್ಲಿನ ಆಸ್ಪತ್ರೆಗೆ ಬರುವ ಚುಚ್ಚುಮದ್ದಿಗೆ ಬೇಕಾದ ವಿಷವನ್ನು ಹೆಚ್ಚಾಗಿ ತೆಗೆಯುವುದು ಚೆನ್ನೈ ಸಮೀಪದ ಹಾವು ಹಿಡಿಯುವ ಇರುಳ ಬುಡಕಟ್ಟಿನ ಸಹಕಾರ ಸಂಘದವರು, ತಮಿಳುನಾಡಿನ ಹಾವುಗಳಿಂದ. ಒಣ ಸೀಮೆಯ ಹಾವಿಗೆ ಒಣ ಸೀಮೆಯ ವಿಷದಿಂದಲೇ ಮದ್ದು ತಯಾರಾಗಬೇಕು.