ಕಡಲೆಯ ರಸೀದಿ ಮತ್ತು ಗುಪ್ತ ಕೀಲಿ

ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಹಿಂಗಾರಿಗೆ ಬೆಳೆದ ಕಡಲೆಯನ್ನು ಸುಗ್ಗಿಯಲ್ಲೇ ಮಾರದೆ ಉಗ್ರಾಣದಲ್ಲಿಟ್ಟು, ಅದರ ರಸೀದಿಯ ಮೇಲೆ ಸಾಲ ಪಡೆಯಬಹುದು. ರಸೀದಿಗೆ ಹಿಂಬರಹ ಮಾಡಿ ಇನ್ನೊಬ್ಬರಿಗೆ ಕೊಟ್ಟರೆ, ಚೀಲಗಳು ಅಲುಗದಿದ್ದರೂ ಕಾಳಿನ ಹಕ್ಕು ಅವರಿಗೆ ಸಲ್ಲುವುದು.

ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಇದರ ಆಧಾರ ಸುಲಭವಾಗಿ ಕಾಣುವುದು. ಕಾಗದವು ಏಕಕಾಲದಲ್ಲಿ ಎರಡು ಕಡೆ ಇರಲಾರದು. ಯಾರ ಕೈಯಲ್ಲಿದೆಯೋ ಅವರ ವಶ. ಗಣಕದ ದಾಖಲೆಯಾದರೋ ಅಂಕಿಗಳ ಸಾಲು ಮಾತ್ರ. ಅದರ ಮೂಲಕ್ಕೂ ನಕಲಿಗೂ ಭೇದವೇ ಇಲ್ಲ. ಹಾಗಾದರೆ ಒಂದೇ ಕಡಲೆಯನ್ನು ಎರಡು ಬ್ಯಾಂಕುಗಳಿಗೆ ಅಡವಿಡುವುದನ್ನು ತಡೆಯುವುದು ಹೇಗೆ?

2007ರ ಉಗ್ರಾಣ ಅಧಿನಿಯಮದ ಅಡಿಯಲ್ಲಿ 2017ರಿಂದ ಬಂದಿರುವ ವಿದ್ಯುನ್ಮಾನ ರಸೀದಿಯ ಮಾರಾಟ, ಅಡಮಾನಗಳೆಲ್ಲವೂ ಅಧಿಕೃತ ದಾಖಲೆ ಸಂಸ್ಥೆಯ ಖಾತೆಯಲ್ಲಿ ನಮೂದಾಗುವುವು. 2009ರಲ್ಲಿ ಹುಟ್ಟಿದ ಬಿಟ್‌ಕಾಯಿನ್ನಿಗೆ ಅಂತಹ ಮಧ್ಯಸ್ಥರಿಲ್ಲ. ಅದರ ಲೆಕ್ಕದ ಪುಸ್ತಕವು ಜಗತ್ತಿನ ಸಾವಿರಾರು ಗಣಕಗಳಲ್ಲಿ ಹರಡಿರುವುದು. ಡಿಜಿಟಲ್ ವ್ಯಾಲೆಟ್ಟಿನೊಳಗೆ ನಾಣ್ಯವಿಲ್ಲ, ಗುಪ್ತ ಕೀಲಿಯಷ್ಟೇ ಇರುವುದು. ಆ ಕೀಲಿ ಒಂದು ಸಂಖ್ಯೆ. ಅದು ಆಗಬಹುದಾದ ಸಂಖ್ಯೆಗಳೋ ಸುಮಾರು 1ರ ಮುಂದೆ 77 ಸೊನ್ನೆಗಳಷ್ಟು. ಕಳ್ಳರು ಅದನ್ನು ಊಹಿಸಲಾರರು. ಕಳೆದುಕೊಂಡ ಒಡೆಯರೂ ಊಹಿಸಲಾರರು.

ಆದುದರಿಂದ ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗದ 2017ರ ಮಾದರಿ ಕಾನೂನು, ವಿದ್ಯುನ್ಮಾನ ವ್ಯಾಪಾರಪತ್ರಗಳಿಗೆ ‘ವಶ’ದ ಬದಲು ‘ಏಕಮಾತ್ರ ನಿಯಂತ್ರಣ’ವನ್ನು ಒಪ್ಪಿತು. ಅಮೆರಿಕದ ಏಕರೂಪ ವಾಣಿಜ್ಯ ಸಂಹಿತೆಗೆ 2022ರಲ್ಲಿ ಸೇರಿದ 12ನೆಯ ಭಾಗವು ಕೇಳುವುದೂ ಇದನ್ನೇ: ಪ್ರಯೋಜನ ಪಡೆಯಬಲ್ಲವರಾರು? ಇತರರನ್ನು ತಡೆಯಬಲ್ಲವರಾರು? ವರ್ಗಾಯಿಸಬಲ್ಲವರಾರು?

ಆದರೆ ನಿಯಂತ್ರಣವೇ ಒಡೆತನವಲ್ಲ. ಮದರಾಸು ಉಚ್ಚ ನ್ಯಾಯಾಲಯವು 2025ರ ಅಕ್ಟೋಬರಿನಲ್ಲಿ ಕ್ರಿಪ್ಟೋ ನಾಣ್ಯವನ್ನು ಆಸ್ತಿಯೆಂದೂ, ನ್ಯಾಸವಾಗಿ ಇರಿಸಬಹುದಾದುದೆಂದೂ ಹೇಳಿತು. ಎಂದರೆ ಕೀಲಿ ಒಬ್ಬರಲ್ಲಿ, ಹಕ್ಕು ಇನ್ನೊಬ್ಬರಲ್ಲಿ ಇರಬಹುದು.

ಸ್ಮಾರ್ಟ್ ಕಾಂಟ್ರ್ಯಾಕ್ಟಿನ ಸಂಗತಿಯೂ ಹೀಗೆಯೇ. ಹಣ ಜಮೆಯಾದೊಡನೆ ಹಕ್ಕನ್ನು ತಾನಾಗಿ ವರ್ಗಾಯಿಸುವಂತಹ ಗಣಕಕ್ರಮ ಅದು. ವಿದ್ಯುನ್ಮಾನ ರೂಪದಲ್ಲಾಯಿತೆಂಬ ಮಾತ್ರಕ್ಕೆ ಕರಾರು ಅಸಿಂಧುವಾಗದೆಂದು ನಮ್ಮ ಮಾಹಿತಿ ತಂತ್ರಜ್ಞಾನ ಅಧಿನಿಯಮದ 10ಎ ಕಲಮು ಹೇಳುವುದು. ಆದರೆ ಒಪ್ಪಿಗೆಯನ್ನು ವಂಚನೆಯಿಂದ ಪಡೆದಿದ್ದರೆ, 1872ರ ಕರಾರು ಅಧಿನಿಯಮದಂತೆ ಮೋಸಹೋದವರು ಅದನ್ನು ರದ್ದುಪಡಿಸಬಹುದು. ಯಂತ್ರವು ಷರತ್ತನ್ನು ಅಳೆಯಬಲ್ಲುದು, ಮನಸ್ಸನ್ನಲ್ಲ.

ರಸೀದಿಯಾಗಲಿ ವ್ಯಾಲೆಟ್ಟಾಗಲಿ, ಎರಡು ಪ್ರಶ್ನೆಗಳನ್ನು ನಾವು ಮೊದಲೇ ಕೇಳಿಕೊಳ್ಳಬೇಕು: ಖಾತೆ ಯಾರ ಹೆಸರಿನಲ್ಲಿದೆ? ಅದನ್ನು ತೆರೆಯುವ ಗುಪ್ತಪದ ಯಾರ ಬಳಿ ಇದೆ? ಆತುರದಲ್ಲಿ ಗುಪ್ತಪದವನ್ನು ಪರರಿಗೆ ಹೇಳಿದವರಿಗೆ ನ್ಯಾಯಾಲಯವು ಹಕ್ಕನ್ನು ಎತ್ತಿಹಿಡಿದೀತು. ಆದರೆ ಹೋದ ಸಂಪತ್ತನ್ನು ಹುಡುಕಿ ತರುವುದು ಬಹು ಕಷ್ಟ.