ತೊಡೆಯ ಕೀಲಿನ ತಿಕ್ಕಾಟ

ನಾವು ಸೀತಾಬರ್ಡಿಯಲ್ಲಿ ಹೋಟೆಲು ನಡೆಸುತ್ತಿದ್ದಾಗ ಕುಂದಾಪುರದ ಕಡೆಯ ಹುಡುಗನೊಬ್ಬನು ನಮ್ಮಲ್ಲಿ ಕೆಲಸಕ್ಕಿದ್ದನು. ಇಪ್ಪತ್ತಾರರ ಪ್ರಾಯ, ಊರಿನಲ್ಲಿ ಕಬಡ್ಡಿಯಾಡಿ ಬೆಳೆದ ಗಟ್ಟಿ ಮೈ. ಮೇಜುಗಳ ನಡುವೆ ದಿನವಿಡೀ ಓಡಾಡುತ್ತಿದ್ದವನು, ಕುಕ್ಕುರುಗಾಲಿನಲ್ಲಿ ಕುಳಿತು ಈರುಳ್ಳಿ ಹೆಚ್ಚೆಂದರೆ ಮಾತ್ರ ಹತ್ತು ನಿಮಿಷಕ್ಕೆ ಎದ್ದುಬಿಡುತ್ತಿದ್ದನು. ನಾವು ಅವನನ್ನು ಮೈಗಳ್ಳನೆಂದೇ ಎಣಿಸಿದೆವು. ಗಲ್ಲೆಯ ಮೇಲೆ ಕುಳಿತವರಿಗೆ ಹಾಗೆ ಎಣಿಸುವುದು ಸುಲಭ.

ಅವನು ವೈದ್ಯರ ಬಳಿ ‘ಸೊಂಟ ನೋವು’ ಎಂದನು. ಜೊತೆಗೆ ಹೋದವನು ಅದನ್ನು ಹಿಂದಿಯಲ್ಲಿ ‘ಕಮರ್ ದರ್ದ್’ ಮಾಡಿದನು. ಬೆನ್ನುಮೂಳೆಯ ಎಕ್ಸ್‌ರೇ ಆಯಿತು, ಬೆನ್ನಿಗೆ ಪಟ್ಟಿ ಬಂದಿತು, ಮಾತ್ರೆಗಳು ಬಂದವು. ಒಂದು ವರ್ಷವೂ ಕಳೆಯಿತು. ಕೊನೆಗೆ ಮೂಳೆಯ ತಜ್ಞರೊಬ್ಬರು ‘ಬೆರಳಿಟ್ಟು ತೋರಿಸು’ ಎಂದಾಗ ಅವನ ಬೆರಳು ಹೋದುದು ತೊಡೆಯ ಸಂದಿಗೆ.

ನಮ್ಮ ‘ಸೊಂಟ’ ಎಂಬ ಮಾತು ಬಹಳ ಅಗಲವಾದುದು. ಬೆನ್ನಿನ ಬುಡವೂ ಸೊಂಟವೇ, ಚಪ್ಪೆಯೂ ಸೊಂಟವೇ. ಆದರೆ ತೊಡೆಯ ಕೀಲಿನ ನೋವು ಹೆಚ್ಚಾಗಿ ತೋರುವುದು ಮುಂಭಾಗದ ತೊಡೆಸಂದಿಯಲ್ಲಿ. ಈ ಕೀಲಿಗೆ ಮರಾಠಿಯಲ್ಲಿ ‘ಖುಬಾ’ ಎಂದೂ ಹಿಂದಿಯಲ್ಲಿ ‘ಕೂಲ್ಹಾ’ ಎಂದೂ ಹೆಸರು. ನಾಗಪುರದಲ್ಲಿರುವ ಬಂಧುಗಳು ಈ ಎರಡು ಮಾತುಗಳನ್ನು ನೆನಪಿಡಬೇಕು. ಸಂಕೋಚಪಡದೆ ಬೆರಳಿಟ್ಟೂ ತೋರಿಸಬೇಕು.

ಆ ಹುಡುಗನಿಗಿದ್ದ ತೊಂದರೆಗೆ ವೈದ್ಯರು ‘ಹಿಪ್ ಇಂಪಿಂಜ್‌ಮೆಂಟ್’ ಎನ್ನುತ್ತಾರೆ. ಒರಳನ್ನೂ ಗುಂಡನ್ನೂ ಬಲ್ಲ ನಮ್ಮವರಿಗೆ ಇದು ಕಷ್ಟದ ವಿಷಯವಲ್ಲ. ತೊಡೆಮೂಳೆಯ ತಲೆಯು ಗುಂಡಿನಂತೆ. ಅದು ತಿರುಗುವ ಕಟಿಯ ಕುಳಿಯು ಒರಳಿನಂತೆ. ಕುಳಿಯ ಅಂಚಿಗೆ ‘ಲೇಬ್ರಮ್’ ಎಂಬ ಮೆತ್ತನೆಯ ಉಂಗುರವಿದೆ. ಗುಂಡಿನ ಕುತ್ತಿಗೆಯಲ್ಲಿ ಉಬ್ಬಿದ್ದರೆ ಅದು ‘ಕ್ಯಾಮ್’; ಒರಳಿನ ಅಂಚು ಮುಂದಕ್ಕೆ ಚಾಚಿದ್ದರೆ ‘ಪಿನ್ಸರ್’; ಹಲವರಲ್ಲಿ ಎರಡೂ ಉಂಟು. ಆಳವಾಗಿ ಬಾಗಿದಾಗ ಮೂಳೆಗೆ ಮೂಳೆ ತಗಲಿ, ನಡುವಿನ ಉಂಗುರವು ನಲುಗುತ್ತದೆ. ಮುಂದೆ ಕೆಲವರಲ್ಲಿ ಕೀಲೇ ಸವೆಯುತ್ತದೆ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಶಸ್ತ್ರವೈದ್ಯ ರೈನ್‌ಹೋಲ್ಡ್ ಗಾಂಜ್ ಮತ್ತು ಅವರ ಸಂಗಡಿಗರು ಈ ಸಂಬಂಧವನ್ನು 2003ರಲ್ಲಿ ವಿವರಿಸಿ ಬರೆದರು.

ಈ ಉಬ್ಬು ಬರುವುದೇಕೆ? ಹುಟ್ಟುಗುಣವೂ ಇರಬಹುದು, ಎಲುಬು ಬೆಳೆಯುವ ಹರೆಯದಲ್ಲಿ ಬಿರುಸಿನ ಆಟಗಳನ್ನು ಆಡಿದವರಲ್ಲಿ ಹೆಚ್ಚಾಗಿ ಕಾಣುವುದೂ ಉಂಟು. ಹೋಟೆಲಿನ ಕೆಲಸವೇ ಉಬ್ಬನ್ನು ಬೆಳೆಸಿತೆಂದು ಹೇಳಲಾಗದು. ಇದ್ದ ಉಬ್ಬನ್ನು ಕೆಲಸವು ಕೆಣಕುತ್ತದೆ, ಅಷ್ಟೆ. ಉಬ್ಬಿದ್ದೂ ಆಯುಷ್ಯವಿಡೀ ನೋವನ್ನು ಕಾಣದವರು ಬಹಳ ಮಂದಿ. ಆದುದರಿಂದಲೇ 2016ರಲ್ಲಿ ಇಂಗ್ಲೆಂಡಿನ ವಾರ್ವಿಕ್‌ನಲ್ಲಿ ಸೇರಿದ ತಜ್ಞರು, ರೋಗಿಯ ನೋವು, ವೈದ್ಯರ ಕೈಪರೀಕ್ಷೆ, ಚಿತ್ರ ಈ ಮೂರೂ ಹೊಂದಿದರೆ ಮಾತ್ರ ಇದನ್ನು ಕಾಯಿಲೆ ಎನ್ನಬೇಕೆಂದು ಒಪ್ಪಿದರು. ಬರಿಯ ಎಕ್ಸ್‌ರೇ ಹಿಡಿದು ಹೆದರಬೇಕಾದುದಿಲ್ಲ.

ಗುಮಾಸ್ತ ಬಂಧುಗಳಿಗೂ ಇದು ಬಿಟ್ಟುದಲ್ಲ. ತಗ್ಗು ಕುರ್ಚಿಯಲ್ಲಿ ಬಹಳ ಹೊತ್ತು ಕುಳಿತು ಏಳುವಾಗ, ಕಾಲುಚೀಲ ಹಾಕಲು ಬಾಗುವಾಗ, ಮೋಟಾರು ಸೈಕಲಿನ ಮೇಲೆ ಕಾಲು ದಾಟಿಸುವಾಗ ಸಂದಿಯಲ್ಲಿ ಚುಚ್ಚಿದಂತಾಗುವುದು, ಕೀಲು ‘ಟಕ್’ ಎನ್ನುವುದು ಇದರ ಗುರುತುಗಳು. ವೈದ್ಯರು ಅಂಗಾತ ಮಲಗಿಸಿ, ಮೊಣಕಾಲನ್ನು ಎದೆಯತ್ತ ಮಡಿಸಿ ಒಳಕ್ಕೆ ತಿರುಗಿಸಿ ನೋಡುತ್ತಾರೆ.

ಚಿಕಿತ್ಸೆಯ ಮೊದಲ ಮೆಟ್ಟಿಲು ಕುಕ್ಕುರುಗಾಲನ್ನೂ ತಗ್ಗು ಮಣೆಯನ್ನೂ ಬಿಡುವುದು. ಜೊತೆಗೆ ಫಿಸಿಯೋಥೆರಪಿಯವರು ಕಲಿಸುವ, ಪೃಷ್ಠ ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ವಾರವಲ್ಲ, ತಿಂಗಳುಗಟ್ಟಲೆ ಮಾಡಬೇಕು. ಮಾಲೀಸಿನವನ ಕೈಗೆ ಕಾಲು ಕೊಟ್ಟು ಬಲವಂತವಾಗಿ ಎಳೆಸಿಕೊಳ್ಳಕೂಡದು. ನೋವಿನ ಮಾತ್ರೆಯನ್ನು ವೈದ್ಯರು ಹೇಳಿದಷ್ಟೇ ದಿನ ನುಂಗಬೇಕು. ಇಷ್ಟಕ್ಕೂ ಬಗ್ಗದಿದ್ದರೆ ಸಣ್ಣ ರಂಧ್ರದ ಮೂಲಕ ಉಬ್ಬನ್ನು ಕೆತ್ತಿ, ಹರಿದ ಉಂಗುರವನ್ನು ಸರಿಪಡಿಸುವ ಶಸ್ತ್ರಕ್ರಿಯೆಯಿದೆ. ಬ್ರಿಟನ್ನಿನಲ್ಲಿ 348 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ವರ್ಷದ ಕೊನೆಗೆ ವ್ಯಾಯಾಮದವರೂ ಶಸ್ತ್ರಕ್ರಿಯೆಯವರೂ ಸುಧಾರಿಸಿದ್ದರು. ಶಸ್ತ್ರಕ್ರಿಯೆಯವರು ತುಸು ಹೆಚ್ಚು. ಕೀಲು ಪೂರಾ ಸವೆದ ಮೇಲೆ ಇದರಿಂದ ಹೆಚ್ಚಿನ ಫಲವಿಲ್ಲ. ಆಗ ಕೀಲನ್ನೇ ಬದಲಿಸುವ ಮಾತು ಬರುತ್ತದೆ.

ಒಂದು ಎಚ್ಚರಿಕೆ. ಸಂದಿಯ ನೋವೆಲ್ಲ ಇದೇ ಅಲ್ಲ. ಹರ್ನಿಯಾ, ಕೀಲಿನ ಕ್ಷಯ, ರಕ್ತ ಸಾಲದೆ ಮೂಳೆಯ ತಲೆಯೇ ಸಾಯುವ ರೋಗ ಇವೂ ಅಲ್ಲಿಯೇ ನೋಯಿಸುತ್ತವೆ. ಕೊನೆಯದು ಅತಿಯಾದ ಮದ್ಯದಿಂದಲೂ ಸ್ಟಿರಾಯ್ಡ್ ಔಷಧಗಳಿಂದಲೂ ಬರಬಹುದು. ರಾತ್ರಿ ಎಬ್ಬಿಸುವ ನೋವು, ಜ್ವರ, ಮೈ ಇಳಿಯುವಿಕೆ, ಕಾಲೂರಲಾಗದಿರುವುದು ಇವುಗಳಲ್ಲಿ ಒಂದಿದ್ದರೂ ತಡಮಾಡಬಾರದು. ಸರಕಾರಿ ‘ಮೆಡಿಕಲ್’, ಮೇಯೋ, ಮಿಹಾನಿನ ಏಮ್ಸ್ ಮೂರರಲ್ಲಿಯೂ ಮೂಳೆಯ ವಿಭಾಗವಿದೆ.

ಆ ಹುಡುಗನಿಗೆ ಶಸ್ತ್ರಕ್ರಿಯೆ ಬೇಕಾಗಲಿಲ್ಲ. ನಾಲ್ಕು ತಿಂಗಳು ವ್ಯಾಯಾಮ ಮಾಡಿದನು. ನಾವು ಈಳಿಗೆಮಣೆಯನ್ನು ತೆಗೆದಿರಿಸಿ, ನಿಂತು ಹೆಚ್ಚಲು ಅಡಿಗೆಮನೆಯ ಕಟ್ಟೆಯ ಮೇಲೆ ಒಂದು ಹಲಗೆಯನ್ನೂ ಚಾಕುವನ್ನೂ ಇಟ್ಟೆವು. ಮೈಗಳ್ಳನೆಂದುದಕ್ಕೆ ಅವನ ಕ್ಷಮೆ ಕೇಳಿದಾಗ, ‘ಇರಲಿ ಧಣಿಗಳೇ, ನನಗೂ ಹಾಗೆಯೇ ಅನಿಸಿತ್ತು’ ಎಂದನು.