ನೆಲದ ಹಕ್ಕಿ, ಮರದ ಹಕ್ಕಿ: ನಿಕೋಬಾರಿನ ಎರಡು ಪಾರಿವಾಳಗಳು

ಪಾರಿವಾಳ ಎಂದರೆ ನಮಗೆಲ್ಲ ನೆನಪಾಗುವುದು ದೇವಸ್ಥಾನದ ಗೋಪುರ. ವಯನಾಡು, ನೀಲಗಿರಿ ಕಡೆಯ ಓದುಗರು ಇನ್ನೊಂದನ್ನೂ ಕಂಡಿರಬಹುದು. ಅದು ಕುತ್ತಿಗೆಯ ಮೇಲೆ ಕಪ್ಪು-ಬಿಳಿ ಚೌಕಳಿ ಇರುವ ನೀಲಗಿರಿ ಕಾಡುಪಾರಿವಾಳ. ಇದರ ಕುಲದ್ದೇ ಆದ ಅಂಡಮಾನ್ ಕಾಡುಪಾರಿವಾಳ ಬಂಗಾಳ ಕೊಲ್ಲಿಯ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಲ್ಲಿದೆ. ಅದೇ ನಿಕೋಬಾರ್ ಕಾಡಿನಲ್ಲಿ ಇನ್ನೊಂದು ಪಾರಿವಾಳವೂ ಇದೆ. ಆದರೆ ಎರಡರ ಬದುಕು ಬೇರೆ ಬೇರೆ.

ಅಂಡಮಾನ್ ಕಾಡುಪಾರಿವಾಳದ ಮೈ ಬೂದು, ತಲೆ ಇನ್ನೂ ತಿಳಿ. ಎತ್ತರದ ಮರಗಳ ತುದಿಯಲ್ಲೇ ಇದ್ದು ಹಣ್ಣು ತಿನ್ನುತ್ತದೆ.

ನಿಕೋಬಾರ್ ಪಾರಿವಾಳವನ್ನು ನೋಡಿದರೆ ಪಾರಿವಾಳ ಎಂದು ನಂಬುವುದೇ ಕಷ್ಟ. ಮೈಯೆಲ್ಲ ಹಸಿರು ಮತ್ತು ತಾಮ್ರದ ಹೊಳಪು, ಕತ್ತಿನಿಂದ ಹುಂಜದಂತೆ ಇಳಿಬಿದ್ದ ಗರಿ, ಅಚ್ಚ ಬಿಳಿಯ ಮೋಟು ಬಾಲ. ರಾತ್ರಿ ಮರದ ಮೇಲಿದ್ದರೂ ಮೇವು ಮಾತ್ರ ನೆಲದಲ್ಲಿ. ಉದುರಿದ ಗಟ್ಟಿ ಬೀಜವನ್ನು ನುಂಗುತ್ತದೆ. ಹೊಟ್ಟೆಯೊಳಗಿನ ಸ್ನಾಯುಚೀಲ, ನುಂಗಿದ ಕಲ್ಲಿನ ಜೊತೆ ಸೇರಿ ಅದನ್ನು ಅರೆಯುತ್ತದೆ. ನಾಟಿಕೋಳಿ ಕೊಯ್ದವರಿಗೆ ಈ ಚೀಲ ಗೊತ್ತೇ ಇದೆ. 2002ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದ ಪ್ರಕಾರ, ಮಾರಿಷಸ್‌ನಲ್ಲಿ ಅಳಿದುಹೋದ ಡೋಡೋ ಹಕ್ಕಿಗೆ ಈಗ ಬದುಕಿರುವ ಹಕ್ಕಿಗಳಲ್ಲಿ ಅತಿ ಹತ್ತಿರದ ನೆಂಟ ಇದೇ.

ಡೋಡೋ ಹಾರುತ್ತಿರಲಿಲ್ಲ. ಇದು ಗುಂಪು ಕಟ್ಟಿಕೊಂಡು ದ್ವೀಪದಿಂದ ದ್ವೀಪಕ್ಕೆ ಸಮುದ್ರ ದಾಟುತ್ತದೆ. ಪೂರ್ವಕ್ಕೆ ಸೊಲೊಮನ್ ದ್ವೀಪಗಳವರೆಗೂ ಇದರ ವಾಸ ಇದೆ. ಅಷ್ಟು ದೂರ ಹಬ್ಬಿದ ಹಕ್ಕಿಗೆ ಏನು ಭಯ ಎನ್ನಬಹುದು. ಭಯ ಇರುವುದು ಗೂಡಿನಲ್ಲಿ. ಇಲಿ, ಬೆಕ್ಕು ಇಲ್ಲದ ಸಣ್ಣ ದ್ವೀಪಗಳಲ್ಲಿ ಇವು ಒಟ್ಟಾಗಿ ಗೂಡು ಕಟ್ಟುತ್ತವೆ, ಇಡುವುದು ಒಂದೇ ಮೊಟ್ಟೆ. ದೋಣಿಯಲ್ಲಿ ಇಲಿ ಬಂದಿಳಿದರೆ, ಬೇಟೆಗಾರ ಬಲೆ ಹಾಕಿದರೆ ಇಡೀ ಗುಂಪಿಗೇ ಪೆಟ್ಟು. ಬೂದು ಪಾರಿವಾಳದ ಕಷ್ಟ ಬೇರೆ: ಅದಕ್ಕೆ ಈ ದ್ವೀಪಗಳ ಹೊರಗೆ ಮನೆಯೇ ಇಲ್ಲ. ಹಳೆಯ ಮರ ಹೋದರೆ ಅದೂ ಹೋಯಿತು.

2004ರ ಸುನಾಮಿಯಲ್ಲಿ ನಿಕೋಬಾರಿನ ಕರಾವಳಿ ಕಾಡು ಬಹಳಷ್ಟು ನಾಶವಾಯಿತು. 2022ರಲ್ಲಿ ಕೇಂದ್ರ ಸರಕಾರ ಗ್ರೇಟ್ ನಿಕೋಬಾರ್‌ನಲ್ಲಿ ಬಂದರು, ವಿಮಾನ ನಿಲ್ದಾಣ, ಪಟ್ಟಣಕ್ಕಾಗಿ ಸುಮಾರು 130 ಚದರ ಕಿಲೋಮೀಟರ್ ಅರಣ್ಯ ಬಳಸಲು ತಾತ್ವಿಕ ಒಪ್ಪಿಗೆ ನೀಡಿತು. ಬದಲಿಗೆ ಹರಿಯಾಣದಲ್ಲಿ ಗಿಡ ನೆಡುವ ಮಾತೂ ಬಂತು. ಹರಿಯಾಣದ ಗಿಡದಲ್ಲಿ ಈ ಎರಡರಲ್ಲಿ ಯಾವ ಪಾರಿವಾಳವೂ ಕೂರಲಾರದು.